ಆಕ್ಸಿಜನ್ ಸೆನ್ಸರ್: ಬೆಸುಗೆ ಬೇಡವೆಂದದ್ದು ಏಕೆ?

ಮಳೆಗಾಲದಲ್ಲಿ ಖಾನಾಪುರದಿಂದ ಬೆಳಗಾವಿಗೆ ಮರಳುವಾಗ ನಮ್ಮ ಪೆಟ್ರೋಲ್ ಕಾರಿನ ಚೆಕ್ ಇಂಜಿನ್ ದೀಪ ಹೊತ್ತಿಕೊಂಡಿತು. ಉದ್ಯಮಬಾಗದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿದಾಗ ಬಂದ ಕೋಡ್ ಪಿ 0135, ಅಂದರೆ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರುಗಳಲ್ಲಿ ಇಂಜಿನ್ನಿಗೆ ಸಮೀಪದ್ದನ್ನು ಬಿಸಿ ಮಾಡುವ ಹೀಟರ್ ಸರ್ಕ್ಯೂಟಿನಲ್ಲಿ ದೋಷ. ಫ್ಯೂಸ್ ಸರಿಯಿತ್ತು, ಆದರೆ ಹೀಟರಿನ ಎರಡು ವೈರುಗಳ ನಡುವೆ ಕೆಲವೇ ಓಮ್ ತೋರಿಸಬೇಕಿದ್ದ ಮಲ್ಟಿಮೀಟರ್, ಒಳಗಿನ ತಂತಿ ಕಡಿದಿದೆ ಎಂದೇ ಹೇಳಿತು.

ಕನೆಕ್ಟರ್ ಸಮೇತ ಬರುವ ಸೆನ್ಸರ್ ದುಬಾರಿಯಾದ್ದರಿಂದ, ಹಳೆಯ ಕನೆಕ್ಟರಿಗೇ ಜೋಡಿಸಿಕೊಳ್ಳಬೇಕಾದ ನಾಲ್ಕು ವೈರಿನ ಜಿರ್ಕೋನಿಯಾ ಸೆನ್ಸರನ್ನು ಆರಿಸಿಕೊಂಡೆ. ಥ್ರೆಡ್ ಕೂತಿತೆಂದು ಯಾವುದನ್ನೋ ತಿರುಗಿಸಿ ಕೂರಿಸುವಂತಿಲ್ಲ. ಜಿರ್ಕೋನಿಯಾದಂತೆ ಟೈಟಾನಿಯಾ ಸೆನ್ಸರ್ ವೋಲ್ಟೇಜ್ ಹುಟ್ಟಿಸುವುದಿಲ್ಲ, ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ. ಐದು ವೈರಿನ ವೈಡ್‌ಬ್ಯಾಂಡ್ ಸೆನ್ಸರಿನ ಲೆಕ್ಕವೇ ಬೇರೆ.

ವೈರಿನ ಬಣ್ಣದಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಸೆನ್ಸರ್ ತಯಾರಿಸುವ ಬಾಷ್ ಕಂಪನಿಯ ಪದ್ಧತಿಯಲ್ಲಿ ಎರಡು ಬಿಳಿ ವೈರು ಹೀಟರಿಗೆ, ಕಪ್ಪು ಸಿಗ್ನಲ್ಲಿಗೆ, ಬೂದು ಅದರ ಗ್ರೌಂಡಿಗೆ. ಇನ್ನೊಂದು ಕಂಪನಿ ಡೆನ್ಸೊದ ಪದ್ಧತಿಯಲ್ಲಿ ಎರಡು ಕಪ್ಪು ವೈರುಗಳೇ ಹೀಟರಿನವು. ನೀಲಿ ಸಿಗ್ನಲ್, ಬಿಳಿ ಗ್ರೌಂಡ್. ಕಪ್ಪಿಗೆ ಕಪ್ಪು ಸೇರಿಸಿದರೆ ಹೀಟರಿನ 12 ವೋಲ್ಟ್ ಸಿಗ್ನಲ್ ದಾರಿಗೆ ನುಗ್ಗಬಹುದು. ಆದ್ದರಿಂದ ಬಣ್ಣವನ್ನಲ್ಲ, ಪ್ರತಿ ವೈರಿನ ಕೆಲಸವನ್ನು ಕಾಗದದ ಮೇಲೆ ಬರೆದುಕೊಂಡು ಹೊಂದಿಸಿದೆ.

"ಸೋಲ್ಡರ್ ಮಾಡಿದ್ರ ಗಟ್ಟಿ ಕೂಡತೈತ್ರಿ," ಎಂದು ಮಿಸ್ತ್ರಿಯವರು ಬೆಸುಗೆಯ ಐರನ್ ಕಾಯಿಸಲು ಇಟ್ಟಿದ್ದರು. ನಾನು ಬೇಡವೆಂದೆ. ಜಿರ್ಕೋನಿಯಾ ಸೆನ್ಸರ್ ಹೊಗೆಯಲ್ಲಿನ ಆಮ್ಲಜನಕವನ್ನು ಹೊರಗಿನ ಗಾಳಿಯೊಂದಿಗೆ ಹೋಲಿಸಿಯೇ ವೋಲ್ಟೇಜ್ ಕೊಡುತ್ತದೆ, ಮತ್ತು ಅನೇಕ ಸೆನ್ಸರುಗಳಲ್ಲಿ ಆ ಗಾಳಿ ಒಳಹೋಗುವುದು ವೈರಿನ ಎಳೆಗಳ ನಡುವಿನ ಸಂದಿಯಿಂದಲೇ. ಬೆಸುಗೆಯ ಕರಗಿದ ಲೋಹವೂ ಅದು ಹಿಡಿಯಲೆಂದು ಹಚ್ಚುವ ಫ್ಲಕ್ಸೂ ಆ ಸಂದಿಯನ್ನು ಮುಚ್ಚಿಬಿಡುತ್ತವೆ. ಕನೆಕ್ಟರಿಗೆ ಗ್ರೀಸ್ ಬಳಿಯಬಾರದೆನ್ನುವುದೂ ಇದಕ್ಕಾಗಿಯೇ. ಕಾರಣ ಕೇಳಿದ ಮೇಲೆ ಅವರೇ ಕ್ರಿಂಪ್ ಜೋಡಣೆಗಳನ್ನು (ಬೆಸುಗೆಯಿಲ್ಲದೆ ಒತ್ತಿ ಬಿಗಿಯುವಂಥವು) ಒಂದೇ ಕಡೆ ಗಂಟಾಗದಂತೆ ಹಿಂದುಮುಂದಾಗಿ ಕೂರಿಸಿ, ನಮ್ಮೂರಿನ ಮಳೆಯ ನೀರು ಇಳಿಯದಂತೆ ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದರು. ಅಂಟಿಕೊಳ್ಳದಂತೆ ಹಚ್ಚುವ ಪೇಸ್ಟ್ ಥ್ರೆಡ್ಡಿಗೆ ಮಾತ್ರ, ಸೆನ್ಸರಿನ ತುದಿಗೆ ಸೋಕಲಿಲ್ಲ.

ಇಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ವೋಲ್ಟೇಜ್ 0.1ಕ್ಕೂ 0.9ಕ್ಕೂ ನಡುವೆ ಚುರುಕಾಗಿ ಏರಿಳಿಯತೊಡಗಿತು. ಕೋಡ್ ಅಳಿಸಿದೆವು, ದೀಪ ಮತ್ತೆ ಹೊತ್ತಿಲ್ಲ.