ದೊಡ್ಡಪ್ಪನ ಪಾಯಿಂಟ್ ಟೂಟೂ: ರಿಪೇರಿ ಎಲ್ಲಿಗೆ ಬಂತು

ಡಿಸೆಂಬರ್

ಲೈಸೆನ್ಸ್ ನನ್ನ ಹೆಸರಿಗೆ ಆಯಿತು, ರೈಫಲ್ ಮಲೆನಾಡಿನಿಂದ ಬೆಂಗಳೂರಿಗೆ ಬಂತು. ಯೂರೋಪಿನ ಹಳೇ ಮಾಲು, .22 ಸೆಮಿ ಆಟೊಮ್ಯಾಟಿಕ್. ಗುಂಡು ಹಾರಿದ ಮೇಲೆ ಖಾಲಿ ಕೇಸ್ (ತೋಟಾದ ಲೋಹದ ಕವಚ) ಹೊರಗೆ ಬೀಳಬೇಕು, ಮುಂದಿನ ತೋಟಾ ತಾನೇ ಒಳಗೆ ಹೋಗಬೇಕು. ಇದು ಮನಸ್ಸು ಬಂದರೆ ಮಾಡುತ್ತದೆ, ಇಲ್ಲದಿದ್ದರೆ ಇಲ್ಲ.

ಬೋಲ್ಟ್ (ತೋಟಾದ ಹಿಂದೆ ನಿಂತು ಹಿಂದೆ ಮುಂದೆ ಓಡಾಡುವ ಉಕ್ಕಿನ ತುಂಡು) ಬಿಚ್ಚಿದರೆ ಒಳಗೆಲ್ಲ ಹಳದಿ ಅಂಟು. ದೊಡ್ಡಪ್ಪ ಕೊಬ್ಬರಿ ಎಣ್ಣೆ ಹಾಕುತ್ತಿದ್ದರಂತೆ! ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಇಲ್ಲಿನ ಚಳಿಗಾಲದಲ್ಲಿ ಬಾತ್‌ರೂಮಿನ ಬಾಟಲಿ ನೋಡಿದವರಿಗೆ ಗೊತ್ತಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ತೋಟಾ ಕೂರುವ ಚೇಂಬರನ್ನು ಕಂಚಿನ ಬ್ರಷ್‌ನಲ್ಲಿ ಉಜ್ಜಿ, ಹೊಲಿಗೆ ಮಷೀನ್ ಎಣ್ಣೆ ಒಂದೆರಡು ಹನಿ ಬಿಟ್ಟೆ. .22ರ ಸೀಸದ ಗುಂಡಿಗೆ ಮೇಣ ಸವರಿರುತ್ತಾರೆ. ಅದು, ಮಸಿ, ಸೀಸ ಎಲ್ಲ ಸೇರಿ ಚೇಂಬರಿನ ಅಂಚಿನಲ್ಲಿ ಗಟ್ಟಿ ಉಂಗುರವೇ ಆಗಿತ್ತು.

ಜನವರಿ

ಈಗ ಗುಂಡು ಹಾರುತ್ತದೆ, ಕೇಸ್ ಬೀಳುವುದಿಲ್ಲ. ಕಿಂಡಿಯಲ್ಲಿ ನೆಟ್ಟಗೆ ನಿಂತು ಸಿಕ್ಕಿಕೊಳ್ಳುತ್ತದೆ. ರೇಂಜಿನಲ್ಲಿ ತಲೆಗೊಂದು ಸಲಹೆ. ಸ್ಪ್ರಿಂಗ್ ಕತ್ತರಿಸು ಅಂದವರೂ ಇದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಇಂಥ ರೈಫಲಿನಲ್ಲಿ ಬೋಲ್ಟಿಗೆ ಬೀಗ ಇರುವುದಿಲ್ಲ. ಖಾಲಿ ಕೇಸೇ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎದುರಿಗಿರುವುದು ಬೋಲ್ಟಿನ ತೂಕ ಮತ್ತು ಸ್ಪ್ರಿಂಗ್, ಅಷ್ಟೇ. ತೋಟಾ ಮೆತ್ತಗಿದ್ದರೆ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ. ನಾನು ಬಳಸುತ್ತಿದ್ದದ್ದು ಟಾರ್ಗೆಟ್‌ಗೆ ಅಂತ ಮಾಡಿದ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ. 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡು, ಸೆಕೆಂಡಿಗೆ ಸುಮಾರು 1,070 ಅಡಿ. ಹೈ ವೆಲಾಸಿಟಿಯದ್ದು 1,200 ಅಡಿ ದಾಟುತ್ತದೆ. ಅದನ್ನು ಹಾಕಿದ ಮೇಲೆ ಸಿಕ್ಕಿಕೊಳ್ಳುವುದು ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ.

ಫೆಬ್ರವರಿ

ಕೆಲವು ತೋಟಾ ಹೊಡೆದುಕೊಳ್ಳುತ್ತಲೇ ಇರಲಿಲ್ಲ. ರಿಮ್‌ಫೈರ್‌ನಲ್ಲಿ ಕಿಡಿಮದ್ದು ಅಂಚಿನ ಸುತ್ತ ಇರುತ್ತದೆ, ಒಂದೊಂದು ಕಡೆ ತುಂಬಿರುವುದೇ ಇಲ್ಲ. ಹಾಗಾದಾಗ ನಳಿಗೆಯನ್ನು ಟಾರ್ಗೆಟ್ ಕಡೆಗೇ ಹಿಡಿದು ಸ್ವಲ್ಪ ಹೊತ್ತು ಕಾದು ತೋಟಾ ತೆಗೆಯುತ್ತೇನೆ. ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕುತ್ತೇನೆ. ಆಗ ಹೊಡೆದರೆ ತಪ್ಪು ತೋಟಾದ್ದು. ನನ್ನವು ಬಹುತೇಕ ಹೊಡೆದವು. ತೋಟಾಗೆ ಬಡಿಯುವ ಪಿನ್ನಿನ ಗುರುತೂ ಆಳವಾಗಿತ್ತು. ಆ ಡಬ್ಬಿ ಪಕ್ಕಕ್ಕಿಟ್ಟೆ.

ತೋಟಾ ತುಂಬಿಡುವ ಮ್ಯಾಗಜೀನ್ ಕಥೆ ಬೇರೆ. ತುತ್ತು ಬಾಯಿವರೆಗೆ ಬಂದು ನಿಲ್ಲುತ್ತಿತ್ತು. ಬೆಳಕಿಗೆ ಹಿಡಿದರೆ, ಮೇಲೆ ತೋಟಾ ಹಿಡಿದಿಡುವ ಅಂಚುಗಳಲ್ಲಿ ಎಡಗಡೆ ತುಟಿ ಒಂದು ಕೂದಲೆಳೆಯಷ್ಟು ಹೊರಗೆ ಬಾಗಿದೆ. ಇನ್ನೂ ಒಂದು ವಿಷಯ: ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿತ್ತೋ, ಒಂದಕ್ಕೊಂದು ಕೊಕ್ಕೆ ಹಾಕಿಕೊಂಡವು ಅಂತಲೇ. ಗಡಿಬಿಡಿಯಲ್ಲಿ ತುಂಬುವವರಿಗೆ ಈ ಮ್ಯಾಗಜೀನ್ ಆಗಿಬರಲ್ಲ.

ಏಪ್ರಿಲ್

ಚುನಾವಣೆ. ರೈಫಲ್ ಠಾಣೆಯಲ್ಲಿ ಠೇವಣಿ. ಕೆಲಸ ಬಂದ್. ವಾಪಸ್ ಬಂದಾಗ ಬೋಲ್ಟಿನ ಮೇಲೆ ಸಣ್ಣಗೆ ತುಕ್ಕು, ಎಣ್ಣೆಬಟ್ಟೆಗೇ ಹೋಯಿತು.

ಜೂನ್

ಕೇಸ್ ಸಿಕ್ಕಿಕೊಳ್ಳುವ ಕಾರಣ ಪೂರ್ತಿ ಸಿಕ್ಕಿದ್ದು ಭೂತಗನ್ನಡಿಯಲ್ಲಿ. ಕೇಸನ್ನು ಚೇಂಬರಿನಿಂದ ಎಳೆಯುವ ಎಕ್ಸ್‌ಟ್ರಾಕ್ಟರ್ ಉಗುರಿನ ತುದಿ ಚೂಪಾಗಿರಬೇಕಿತ್ತು, ಸವೆದು ಗುಂಡಗಾಗಿದೆ. ಕೇಸನ್ನು ಹೊರಗೆ ಚಿಮ್ಮಿಸುವ, ಬಂದೂಕಿನ ಒಳಗಿನ ಎಜೆಕ್ಟರ್‌ಗೆ ತಾಗುವ ಮೊದಲೇ ಅದು ಜಾರಿಬಿಡುತ್ತದೆ. ಪೀಣ್ಯದಲ್ಲಿ ಇಷ್ಟು ಸಣ್ಣ ತುಂಡು ಮಾಡಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು, ಸುಮ್ನೆ ಲೇತ್ ಅಂಗಡಿಗೆ ಕೊಟ್ಟು ಬರುವ ಹಾಗಿಲ್ಲ. ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೇ ಕೊಟ್ಟಿದ್ದೇನೆ, ಮ್ಯಾಗಜೀನ್ ತುಟಿಯನ್ನೂ ಅವರೇ ಸರಿ ಮಾಡುತ್ತಾರೆ. ಒಂದೇ ಸಲ ಎರಡೂ ಬದಲಾದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ, ಅಲ್ವಾ? ಅದಕ್ಕೆ ಮೊದಲು ಎಕ್ಸ್‌ಟ್ರಾಕ್ಟರ್ ಮಾತ್ರ ಹಾಕಿಕೊಡಿ ಅಂದಿದ್ದೇನೆ. ಬಂದ ಮೇಲೆ ಮತ್ತೆ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾದಿಂದಲೇ ಶುರು.