ಕಾಸರಗೋಡಿನ ವೆಬ್ ಕೂಟ: ತಯಾರಿ ಎಲ್ಲಿವರೆಗೆ ಬಂತು

ಮುಕ್ತ ತಂತ್ರಾಂಶ ಬಳಸಿ ವೆಬ್‌ಸೈಟ್ ಮಾಡುವವರ ಎರಡು ದಿನದ ಕೂಟಕ್ಕೆ ಜಾಗ ಸಿಕ್ಕಿತು. ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಕಾಲೇಜು. ಕಂಪ್ಯೂಟರ್ ಲ್ಯಾಬ್ ಉಂಟು, ಪಕ್ಕದಲ್ಲೇ ಸಣ್ಣ ಸಭಾಂಗಣ, ಹಿಂಬದಿಯಲ್ಲಿ ಊಟಕ್ಕೆ ಶೀಟು ಹಾಕಿದ ಜಾಗ. ನವರಾತ್ರಿ ಮುಗಿದು ದೀಪಾವಳಿ ಬರುವುದರೊಳಗಿನ ಒಂದು ಶನಿವಾರ, ಭಾನುವಾರ ಕೂಟ.

ದಿನ ಗೊತ್ತು ಮಾಡುವುದು ಸುಲಭ ಇರಲಿಲ್ಲ. ಮಳೆಗಾಲದಲ್ಲಿ ಯಾವ ಹಾಲ್ ಕೇಳಿದರೂ ಖಾಲಿ, ಆದರೆ ಕರೆಂಟ್ ನಂಬುವಂತಿಲ್ಲ. ಮಕರ ಸಂಕ್ರಾಂತಿ ಕಳೆದರೆ ಜಾತ್ರೆ, ಬ್ರಹ್ಮಕಲಶ, ಮದುವೆ ಶುರು. ಆಮೇಲೆ ಮೇ ಕೊನೆಯ ಪತ್ತನಾಜೆವರೆಗೆ ಹಾಲೂ ಇಲ್ಲ, ಅಡಿಗೆಯವರೂ ಇಲ್ಲ, ಮೈಕಿನವರೂ ಇಲ್ಲ. ಅಕ್ಟೋಬರಿನಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗಿರುವುದಿಲ್ಲ, ಹಾಗಾಗಿ ರಾತ್ರಿ ಆಟ ನೋಡಿ ಬೆಳಿಗ್ಗೆ ತೂಕಡಿಸುವವರೂ ಕಡಿಮೆ. ಇದನ್ನು ಹೇಳಿದ್ದು ನಾನಲ್ಲ, ಯಕ್ಷಗಾನದ ಹುಚ್ಚಿರುವ ನಮ್ಮ ತಂಡದ ಡೆವಲಪರ್ ಒಬ್ಬ. ಒಂದೇ ಹೆದರಿಕೆ ಎಂದರೆ ತುಲಾ ಮಳೆ. ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಸಿಡಿಲು.

ಹೆಸರಿನ ವಿಷಯ

ಕೆಲವರು ಕೇಳಿದರು, ಸುಮ್ನೆ 'ವರ್ಡ್‌ಕ್ಯಾಂಪ್ ಕಾಸರಗೋಡು' ಅಂತ ಇಡಬಾರದಾ? ಇಡಲಿಕ್ಕೆ ಆಗುವುದಿಲ್ಲ. ಅದು ವರ್ಡ್‌ಪ್ರೆಸ್ ಎಂಬ, ವೆಬ್‌ಸೈಟ್ ಮಾಡುವ ಮುಕ್ತ ತಂತ್ರಾಂಶದವರ ಕೂಟದ ಹೆಸರು. ವರ್ಡ್‌ಕ್ಯಾಂಪ್ ಶುರುವಾದದ್ದು 2006ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಆ ಹೆಸರು ಬಳಸಬೇಕಾದರೆ ವರ್ಡ್‌ಪ್ರೆಸ್ಸಿನ ಸಮುದಾಯ ತಂಡಕ್ಕೆ ಅರ್ಜಿ ಹಾಕಬೇಕು, ಅದಕ್ಕೂ ಮೊದಲು ಊರಿನಲ್ಲಿ ಸಣ್ಣ ಸಣ್ಣ ಮೀಟಪ್ ನಡೆಸಿ ಜನ ಸೇರಿರಬೇಕು. ನಮ್ಮಲ್ಲಿ ಅದು ಈಗಷ್ಟೇ ಮೊಳಕೆ.

ಇನ್ನೊಂದು ಕಾರಣವೂ ಉಂಟು. 2024ರ ಸೆಪ್ಟೆಂಬರಿನಲ್ಲಿ ವರ್ಡ್‌ಪ್ರೆಸ್ಸಿನ ಸಹ-ಸ್ಥಾಪಕರ ಆಟೊಮ್ಯಾಟಿಕ್ ಮತ್ತು ವರ್ಡ್‌ಪ್ರೆಸ್ ಹೋಸ್ಟಿಂಗ್ ಮಾಡುವ ಡಬ್ಲ್ಯುಪಿ ಎಂಜಿನ್ ಕಂಪನಿಗಳ ನಡುವೆ ಜಗಳ ಹತ್ತಿ, ಮುಂದಿನ ತಿಂಗಳು ಅದು ಕೋರ್ಟಿಗೆ ಹೋಯಿತು. ಅದೇ ಅಕ್ಟೋಬರಿನಲ್ಲಿ ಅಡ್ವಾನ್ಸ್‌ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್ನಿನ ಜಾಗದಲ್ಲಿ ರಾತ್ರಿ ಬೆಳಗಾಗುವುದರೊಳಗೆ ಬೇರೆ ಹೆಸರಿನ ಫೋರ್ಕ್, ಅಂದರೆ ಅದೇ ಕೋಡಿನಿಂದ ಒಡೆದ ಕವಲು, ಬಂದು ಕೂತಿತು. ಆ ಪ್ಲಗಿನ್ ನಂಬಿ ಗಿರಾಕಿಗಳ ಸೈಟ್ ಮಾಡಿಕೊಟ್ಟವರು ನಮ್ಮಲ್ಲೇ ಇದ್ದಾರೆ. ಹಾಗಾಗಿ ಒಂದೇ ಬುಟ್ಟಿಗೆ ಎಲ್ಲ ಹಾಕುವುದು ಬೇಡ ಎಂದು ವೆಬ್‌ಸೈಟ್ ಮಾಡುವ ಬೇರೆ ಮುಕ್ತ ತಂತ್ರಾಂಶಗಳಾದ ದ್ರುಪಾಲ್, ಮೀಡಿಯಾವಿಕಿಯವರನ್ನೂ ಕರೆದಿದ್ದೇವೆ. ದ್ರುಪಾಲ್ 2001ರದ್ದು, ವರ್ಡ್‌ಪ್ರೆಸ್ಸಿಗಿಂತ ಹಿರಿಯ. ಅಲ್ಲಿಯ ಶಿಸ್ತು ನೋಡಿ ಕಲಿಯುವುದು ಬೇಕಾದಷ್ಟಿದೆ.

ನಿಯಮಗಳನ್ನು ಮಾತ್ರ ವರ್ಡ್‌ಕ್ಯಾಂಪಿನಿಂದಲೇ ಎತ್ತಿಕೊಂಡೆವು. ಭಾಷಣ ಮಾಡುವವರಿಗೆ ಸಂಭಾವನೆ ಇಲ್ಲ. ಪ್ರವೇಶ ಶುಲ್ಕ ಕಡಿಮೆ. ದುಡ್ಡು ಕೊಟ್ಟರೆ ವೇದಿಕೆ ಸಿಗುವುದಿಲ್ಲ. ಹಂಚುವ ಕೋಡ್ ಜಿಪಿಎಲ್ ಅಥವಾ ಅಂಥದೇ ಮುಕ್ತ ಪರವಾನಗಿಯಲ್ಲಿರಬೇಕು.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬದಲಾದ ಯೋಜನೆ

ಮೊದಲ ಯೋಜನೆಯಲ್ಲಿ ಎರಡೂ ದಿನ ಭಾಷಣ ಇತ್ತು. ಪ್ರಸ್ತಾಪ ಕಳಿಸಿ ಎಂದೆವು, ಬಂದವು. ಅರ್ಧಕ್ಕಿಂತ ಜಾಸ್ತಿ 'ಎಐ ಬಳಸಿ ಐದು ನಿಮಿಷದಲ್ಲಿ ವೆಬ್‌ಸೈಟ್' ಜಾತಿಯವು. ಐದು ನಿಮಿಷದಲ್ಲಿ ಆಗುವುದಕ್ಕೆ ನಲವತ್ತೈದು ನಿಮಿಷದ ಭಾಷಣ ಎಂತಕ್ಕೆ ಮಾರಾಯ ಎಂದು ತಂಡದಲ್ಲಿ ನಗೆಯಾಯಿತು.

ಆಮೇಲೆ ನಮ್ಮ ಸುತ್ತಮುತ್ತ ಸೈಟ್ ಮಾಡುವವರು ಯಾರ್ಯಾರು ಎಂದು ಪಟ್ಟಿ ಮಾಡಲು ಕೂತೆವು. ಕುಂಬಳೆಯಲ್ಲಿ ಡಿಟಿಪಿ ಸೆಂಟರ್ ಇಟ್ಟುಕೊಂಡು ದೇವಸ್ಥಾನಗಳ ಸೈಟ್ ನೋಡಿಕೊಳ್ಳುವ ಅಣ್ಣ. ಉಪ್ಪಳದಲ್ಲಿ ಕೂತು ಗಲ್ಫಿನ ಅಂಗಡಿಗಳಿಗೆ ವೂಕಾಮರ್ಸಿನಲ್ಲಿ ಆನ್‌ಲೈನ್ ಮಾರಾಟದ ಸೈಟ್ ಮಾಡಿಕೊಡುವ ಇಬ್ಬರು ಹುಡುಗರು. ಪೆರ್ಲದಿಂದ ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಹುಡುಗಿ. ಸೊಸೈಟಿಯ ಸೈಟ್ ನೋಡುವ ನೌಕರ, ಶಾಲೆಯ ಪುಟ ನೋಡುವ ಮೇಷ್ಟ್ರು. ಕೆಲಸ ಬಲ್ಲವರಿಗೆ ಬರಗಾಲ ಇಲ್ಲ. ಎಲ್ಲರೂ ಮುಕ್ತ ತಂತ್ರಾಂಶದಿಂದಲೇ ಉಣ್ಣುವವರು. ಆದರೆ ಅದಕ್ಕೆ ಒಂದು ಬಗ್ (ದೋಷ) ವರದಿಯಾದರೂ ಬರೆದವರು ಯಾರು ಎಂದು ಕೇಳಿದರೆ ಎಲ್ಲರೂ ಬೇರೆಯವರ ಮುಖ ನೋಡುತ್ತಾರೆ.

ಇಲ್ಲಿಯ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ ಎನ್ನುವುದು ಇದರ ಇನ್ನೊಂದು ಮಗ್ಗುಲು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಉಬುಂಟು ಆಧರಿಸಿದ ಕೈಟ್ ಗ್ನು/ಲಿನಕ್ಸ್ ಇದೆ. ಕನ್ನಡ ಮಾಧ್ಯಮದವರೂ ಹೈಸ್ಕೂಲಿನಲ್ಲೇ ಜಿಂಪ್, ಇಂಕ್‌ಸ್ಕೇಪ್, ಪೈಥಾನ್ ಮುಟ್ಟಿರುತ್ತಾರೆ. ಗಡಿಯ ತಲಪಾಡಿ ದಾಟಿ ಮಂಗಳೂರಿನ ಕಾಲೇಜಿಗೆ ಹೋದ ಮೇಲೆ ಬಹಳ ಮಂದಿ ಅದನ್ನು ಬಿಟ್ಟುಬಿಡುತ್ತಾರೆ, ಅಷ್ಟೆ.

ಹಾಗಾಗಿ ಭಾಷಣ ಶನಿವಾರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಉಳಿದದ್ದೆಲ್ಲ ಮೇಜಿನ ಕೆಲಸ, ಅಂದರೆ ಒಟ್ಟಿಗೆ ಕೂತು ತಂತ್ರಾಂಶದ ತೊಂದರೆ ಹುಡುಕುವುದು, ವರದಿ ಮಾಡುವುದು. ವರ್ಡ್‌ಪ್ರೆಸ್ಸಿನ ಟ್ರ್ಯಾಕ್‌ನಲ್ಲಿ (ಬಗ್‌ಗಳ ಪಟ್ಟಿ ಇರುವ ಜಾಲತಾಣ) ಹೊಸಬರಿಗೆಂದೇ ಗುರುತು ಹಾಕಿದ ಟಿಕೆಟ್‌ಗಳಿರುತ್ತವೆ, ದ್ರುಪಾಲ್‌ನಲ್ಲೂ ಅಂಥ ಟ್ಯಾಗ್ ಉಂಟು. ಆದರೆ ಅಲ್ಲಿಂದ ಹೆಕ್ಕಿ ಕೊಡುವುದಕ್ಕಿಂತ ನಮ್ಮವರ ಕೈಯನ್ನೇ ಕಚ್ಚಿದ ತೊಂದರೆಯಿಂದ ಶುರು ಮಾಡೋಣ ಎಂದು ನಾನು ಹಟ ಹಿಡಿದೆ. ಹಾಗೆ ಸಿಕ್ಕಿದ್ದು ಕುಂಬಳೆಯ ಲಿಂಕ್.

ಕುಂಬಳೆಯ ಲಿಂಕ್

ಡಿಟಿಪಿ ಅಣ್ಣ ಒಂದು ದೇವಸ್ಥಾನದ ಸೈಟಿನಲ್ಲಿ 'ಬ್ರಹ್ಮಕಲಶೋತ್ಸವ ಆಮಂತ್ರಣ ಪತ್ರಿಕೆ' ಎಂದು ಪೋಸ್ಟ್ ಹಾಕಿದ್ದರು. ಬ್ರೌಸರಿನ ಮೇಲ್ಪಟ್ಟಿಯಲ್ಲಿ ಲಿಂಕ್ ಕನ್ನಡದಲ್ಲೇ ಕಾಣುತ್ತದೆ, ಆದರೆ ಕೊನೆಯಲ್ಲಿ ಬರೀ 'ಪ' ಉಂಟು. 'ತ್ರಿಕೆ' ಇಲ್ಲ. ಅದನ್ನೇ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಉದ್ದಕ್ಕೆ ಶೇಕಡಾ ಚಿಹ್ನೆಗಳ ಮಾಲೆ. 'ಇದನ್ನು ನೋಡಿ ಕಮಿಟಿಯವರು ವೈರಸ್ ಅಂತ ಹೆದರಿದರು' ಎಂದರು.

ಲೆಕ್ಕ ಹಾಕಿ ನೋಡಿದರೆ ಎಲ್ಲ ಸರಿಯಾಗಿ ಕೂತಿತು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಘಟಕಕ್ಕೂ 3 ಬೈಟ್. ಲಿಂಕಿನಲ್ಲಿ ಒಂದು ಬೈಟ್ ಎಂದರೆ ಶೇಕಡಾ ಚಿಹ್ನೆ ಮತ್ತು ಅದರ ಹಿಂದೆ ಎರಡು ಅಕ್ಷರ, ಅಂದರೆ 3 ಜಾಗ. ಒಂದು ಘಟಕಕ್ಕೆ ಒಟ್ಟು 9 ಜಾಗ. ವರ್ಡ್‌ಪ್ರೆಸ್ ಡೇಟಾಬೇಸಿನಲ್ಲಿ ಲಿಂಕಿನ ಈ ತುಂಡಿಗೆ ಇಟ್ಟಿರುವುದು 200 ಜಾಗ. ನಾವು ಓದುವಾಗ 'ಬ್ರ' ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಬ, ಅರ್ಧಾಕ್ಷರ ಮಾಡುವ ಚಿಹ್ನೆ (್), ರ ಎಂದು ಮೂರು. ಹಾಗೆ 'ಬ್ರಹ್ಮಕಲಶೋತ್ಸವ' 14 ಘಟಕ, 126 ಜಾಗ. ಅಡ್ಡಗೆರೆ 1. 'ಆಮಂತ್ರಣ' 7 ಘಟಕ, 63 ಜಾಗ. ಅಲ್ಲಿಗೆ 190. ಇನ್ನೊಂದು ಅಡ್ಡಗೆರೆ, ಆಮೇಲೆ 'ಪ' ಬರುವಾಗ ಸರಿಯಾಗಿ 200. ಬಾಗಿಲು ಮುಚ್ಚಿತು.

ಇಂಗ್ಲಿಷಿನಲ್ಲಿ ತಲೆಬರಹ ಬರೆಯುವವರು ಈ ಗೋಡೆಗೆ ಡಿಕ್ಕಿ ಹೊಡೆಯುವುದು ಅಪರೂಪ. ಅವರಿಗೆ 200 ಎಂದರೆ 200 ಅಕ್ಷರ. ನಮಗೆ 22 ಘಟಕ. ಈಗ ಎಲ್ಲರೂ ಮಾಡುತ್ತಿರುವ ಉಪಾಯ ಲಿಂಕನ್ನು ಕೈಯಾರೆ ಇಂಗ್ಲಿಷಿಗೆ ಬದಲಿಸುವುದು. ಕೆಲಸ ನಡೆಯುತ್ತದೆ, ಸರಿ. ಆದರೆ ಹಾಗೆ ಬದಲಿಸಿ ಸುಮ್ಮನಾದರೆ ಈ ತೊಂದರೆ ಉಂಟು ಅಂತ ವರ್ಡ್‌ಪ್ರೆಸ್ಸಿನ ಮೂಲ ಕೋಡ್ ನೋಡುವ ಕೋರ್ ತಂಡದವರಿಗೆ ಗೊತ್ತಾಗುವುದಾದರೂ ಹೇಗೆ?

ಇದರಿಂದ ನನಗೆ ಖುಷಿಯಾದದ್ದು ಬೇರೆ ಕಾರಣಕ್ಕೆ. ಮಲಯಾಳಂ ಘಟಕಗಳಿಗೂ ಯುಟಿಎಫ್-8ರಲ್ಲಿ 3 ಬೈಟೇ. ಅವರ ಲಿಂಕೂ ಹೀಗೇ ತುಂಡಾಗುತ್ತದೆ. ಕೂಟ ಕನ್ನಡದಲ್ಲಾ, ಮಲಯಾಳಂನಲ್ಲಾ ಎಂದು ಆಟಿಯಿಡೀ ಚರ್ಚೆ ನಡೆದಿತ್ತು. ನಮ್ಮ ಊರಿನಲ್ಲಿ ಇದು ಬರೀ ಅನುಕೂಲದ ಪ್ರಶ್ನೆ ಅಲ್ಲ, ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಹಸಿಯಾಗಿಯೇ ಇರುವ ಗಾಯ. ನಾನು ಕನ್ನಡದ ಪರ, ಅದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ಆದರೆ ಈ ಬಗ್ಗಿನ ಮೇಜಿನಲ್ಲಿ ಎರಡೂ ಭಾಷೆಯವರು ಕೂರಲೇಬೇಕು, ಇಲ್ಲದಿದ್ದರೆ ಪರೀಕ್ಷೆ ಪೂರ್ತಿಯಾಗುವುದಿಲ್ಲ. ಭಾಷಣ ಅವರವರ ಭಾಷೆಯಲ್ಲಿ ಮಾಡಲಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಉತ್ತರ ಭಾರತದ ವಿದ್ಯಾರ್ಥಿಗಳು ಬಂದರೆ ಪಕ್ಕದಲ್ಲಿ ಕೂತವರು ಇಂಗ್ಲಿಷಿನಲ್ಲಿ ಹೇಳಿಕೊಡಲಿ. ಚಹಾದ ಹೊತ್ತಿಗೆ ಹೇಗೂ ತುಳು.

ಮೇಜಿಗೆ ಎರಡನೇ ಕೆಲಸವೂ ತಯಾರು: ಥೀಮ್‌ಗಳ ಸಾಲಿನ ಅಂತರ. ದೊಡ್ಡ ತಲೆಬರಹಕ್ಕೆ ಅಂತರ 1.1 ಇಟ್ಟರೆ ಇಂಗ್ಲಿಷ್ ಚೆಂದ ಕಾಣುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ತಲೆಗೆ ತಾಗುತ್ತದೆ. ಫೋಟೋ ತೆಗೆದು, ಥೀಮಿನ ಹೆಸರು ಬರೆದು ವರದಿ ಮಾಡುವುದು. ಕೋಡ್ ಬರದವರೂ ಮಾಡಬಹುದು.

ಲ್ಯಾಬಿನ ನೆಟ್

ಹೋಗಿ ಪರೀಕ್ಷೆ ಮಾಡಿದೆವು. ವಾಟ್ಸಾಪಿಗೆ ಸಾಕು, ಗುಟೆನ್‌ಬರ್ಗ್ ರೆಪೊಸಿಟರಿಗೆ (ವರ್ಡ್‌ಪ್ರೆಸ್ ಎಡಿಟರಿನ ಕೋಡ್ ಭಂಡಾರ) ಸಾಲದು. ನಲವತ್ತು ಮಂದಿ ಒಟ್ಟಿಗೆ ಎನ್‌ಪಿಎಂ ಇನ್‌ಸ್ಟಾಲ್ (ಬೇಕಾದ ಪ್ಯಾಕೇಜುಗಳನ್ನೆಲ್ಲ ನೆಟ್ಟಿನಿಂದ ಇಳಿಸುವ ಆಜ್ಞೆ) ಒತ್ತಿದರೆ ಸಂಜೆವರೆಗೆ ಕಥೆ ಮುಗಿಯಿತು.

ಹಾಗಾಗಿ ಒಂದು ಲ್ಯಾಪ್‌ಟಾಪಿನಲ್ಲಿ ವರ್ಡಾಚಿಯೊ ಹಾಕಿದ್ದೇವೆ. ಒಬ್ಬರು ಇಳಿಸಿದ ಪ್ಯಾಕೇಜ್ ಅದರಲ್ಲಿ ಉಳಿಯುತ್ತದೆ, ಉಳಿದವರಿಗೆ ಲ್ಯಾಬಿನ ಒಳಗಿನಿಂದಲೇ ಸಿಗುತ್ತದೆ. ರೆಪೊಸಿಟರಿಯ ಪ್ರತಿ ಮತ್ತು ಡಾಕರ್ ಇಮೇಜುಗಳು ಪೆನ್‌ಡ್ರೈವಿನಲ್ಲಿ. ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಲ್ಯಾಬಿನ ಯಂತ್ರಗಳಿಗೆ ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಸಾಕು. ಪಿಎಚ್‌ಪಿಯನ್ನು ವೆಬ್‌ಅಸೆಂಬ್ಲಿಗೆ ಇಳಿಸಿದ್ದರಿಂದ ಎಲ್ಲ ಬ್ರೌಸರಿನ ಒಳಗೇ ಓಡುತ್ತದೆ, ಮೈಎಸ್‌ಕ್ಯೂಎಲ್ ಬದಲು ಎಸ್‌ಕ್ಯೂಲೈಟ್. ಉಳಿಸದೆ ಟ್ಯಾಬ್ ಮುಚ್ಚಿದರೆ ಮಾಡಿದ್ದೆಲ್ಲ ಹೋಗುತ್ತದೆ ಎಂದು ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿಡಬೇಕು.

ದುಡ್ಡು, ಊಟ

ಹೋಸ್ಟಿಂಗ್ ಮಾರುವವರೊಬ್ಬರು ಪೂರ್ತಿ ಊಟದ ಖರ್ಚು ಕೊಡುತ್ತೇನೆ ಎಂದರು. ಬದಲಿಗೆ ಬಂದವರೆಲ್ಲರ ಫೋನ್ ನಂಬರ್ ಬೇಕಂತೆ. ಬೇಡ ಎಂದು ಬಿಟ್ಟೆವು. ಇನ್ನೊಬ್ಬರು ದುಡ್ಡಿನ ಥೀಮ್‌ಗಳನ್ನೆಲ್ಲ ಪೆನ್‌ಡ್ರೈವಿಗೆ ತುಂಬಿ ಹಂಚುತ್ತೇನೆ, ಹೇಗೂ ಜಿಪಿಎಲ್ ಅಲ್ವಾ ಎಂದರು. ಜಿಪಿಎಲ್ ಹಂಚಲು ಬಿಡುತ್ತದೆ ನಿಜ. ಆದರೆ ಎಲ್ಲಿಂದಲೋ ಇಳಿಸಿಕೊಂಡ ಆ ಕಡತಗಳ ಒಳಗೆ ಯಾರು ಯಾವ ಹಿಂಬಾಗಿಲು ಇಟ್ಟಿದ್ದಾರೋ! ಅದೂ ಬೇಡ.

ಶುಲ್ಕ 200 ರೂಪಾಯಿ, ವಿದ್ಯಾರ್ಥಿಗಳಿಗೆ 100. ಪೂರ್ತಿ ಉಚಿತ ಎಂದರೆ ಹೆಸರು ಕೊಟ್ಟವರಲ್ಲಿ ಅರ್ಧ ಜನ ಬರುವುದಿಲ್ಲ, ಮಾಡಿದ ಅನ್ನ ಹಾಳು.

ಅಡಿಗೆಯ ಭಟ್ರು ಕೇಳಿದ ಮೊದಲ ಪ್ರಶ್ನೆ: 'ಕಂಪ್ಯೂಟರಿನವರು ಅನ್ನ ಉಣ್ಣುತ್ತಾರಾ, ಅಲ್ಲ ಚಪಾತಿಯೇ ಆಗಬೇಕಾ?' ಅನ್ನವೇ ಭಟ್ರೇ ಎಂದೆ. ಬೆಳಿಗ್ಗೆ ಬನ್ಸ್, ಅವಲಕ್ಕಿ. ಮಧ್ಯಾಹ್ನ ಸಾರು, ಕೊದಿಲು, ಪಲ್ಯ, ಪಾಯಸ, ಮಜ್ಜಿಗೆ. ಕೇರಳದ ಗ್ರೀನ್ ಪ್ರೋಟೋಕಾಲ್ ಇರುವುದರಿಂದ ಪೇಪರ್ ಕಪ್, ಪ್ಲಾಸ್ಟಿಕ್ ಬಾಟಲಿ ಇಲ್ಲ. ಸ್ಟೀಲ್ ಲೋಟ, ಬಾಳೆ ಎಲೆ. ಎಲೆ ಕೊಡುವ ತೋಟ ಗೊತ್ತಾಗಿದೆ.

ಬಾಕಿ ಇರುವುದು

ಕರಪತ್ರದ ಒಕ್ಕಣೆ ನುಡಿಯ ಹಳೆಯ ಫಾಂಟಿನಲ್ಲಿ ಬಂದಿದೆ, ಯುನಿಕೋಡಿಗೆ ತಿರುಗಿಸಿ ತಿದ್ದಬೇಕು. ಮೈಕಿನ ಪರವಾನಗಿಗೆ ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಕೊಡಬೇಕು. ಮಂಗಳೂರಿನಿಂದ ಬರುವವರು ರೈಲಿನಲ್ಲಿ ಬಂದರೆ ಒಳ್ಳೆಯದು, ನಿಲ್ದಾಣದಿಂದ ಕಾಲೇಜಿಗೆ ಜೀಪಿನ ಏರ್ಪಾಡು ಪೆರ್ಲದ ಹುಡುಗಿ ವಹಿಸಿಕೊಂಡಿದ್ದಾಳೆ. ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರಿಗೆ ಒಂದು ಕೋಣೆ ಬೇಕು ಎಂದು ಹೇಳಿದವಳೂ ಅವಳೇ. ಕಾಲೇಜಿನವರು ಲೈಬ್ರರಿ ಪಕ್ಕದ ಕೋಣೆ ಬಿಟ್ಟುಕೊಡಲು ಒಪ್ಪಿದ್ದಾರೆ.

ದೊಡ್ಡ ತಲೆನೋವು ಯುಪಿಎಸ್. ಲ್ಯಾಬಿನ ಬ್ಯಾಟರಿಗಳು ಹಳೆಯವು, ಸಿಡಿಲಿನ ಹೊತ್ತಿಗೆ ಕೈಕೊಡಬಹುದು. ಜನರೇಟರ್ ಬಾಡಿಗೆ ಕೇಳಿದೆ, ಬಹಳ ಜಾಸ್ತಿ ಹೇಳಿದರು. ಕೆಲಸದ ಮೇಜುಗಳನ್ನು ಬೆಳಗಿನ ಹೊತ್ತಿಗೆ ತಂದು, ಮೂರು ಗಂಟೆಯ ಮೇಲೆ ಕರೆಂಟ್ ಬೇಡದ ಚರ್ಚೆ ಇಡುವುದು ಒಂದು ದಾರಿ. ಹಾಗೆ ಮಾಡಿದರೆ ಶನಿವಾರದ ಭಾಷಣಗಳನ್ನು ಸಂಜೆಗೆ ತಳ್ಳಬೇಕು, ಪ್ರೊಜೆಕ್ಟರ್ ಇಲ್ಲದೆ ಮಾತಾಡಲು ಒಪ್ಪುವವರನ್ನು ಹುಡುಕಬೇಕು. ಇಬ್ಬರು ಒಪ್ಪಿದ್ದಾರೆ. ಉಳಿದವರಿಗೆ ಈ ವಾರ ಫೋನ್ ಮಾಡುತ್ತೇನೆ.