ಲೋಲಕ ಹೇಳದ ಅಂಕಿಗಳು

ಪಿಯುಸಿ ಪ್ರಯೋಗಾಲಯದಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಿದ ದಿನ, ಕ್ಯಾಲ್ಕ್ಯುಲೇಟರ್ ತೋರಿಸಿದ 9.8204408 ಎಂಬ ಸಂಖ್ಯೆಯನ್ನು ನಾನು ಹಾಗೆಯೇ ರೆಕಾರ್ಡ್ ಪುಸ್ತಕಕ್ಕೆ ಇಳಿಸಿದ್ದೆ. ಲೋಲಕದ ಉದ್ದ 100.0 ಸೆಂಟಿಮೀಟರ್, 20 ಆಂದೋಲನಗಳಿಗೆ ಹಿಡಿದ ಕಾಲ 40.1 ಸೆಕೆಂಡ್. ಇಲ್ಲಿ 20 ಎಂಬುದು ಎಣಿಕೆ, ಆದ್ದರಿಂದ ಅದರಲ್ಲಿ ಅನಿಶ್ಚಿತತೆಯಿಲ್ಲ. ಆದರೆ ಕಾಲದ ಅಳತೆಯಲ್ಲಿರುವುದು ಮೂರೇ ಸಾರ್ಥಕ ಅಂಕಿಗಳು (ಅಳತೆಯಿಂದ ನಿಜವಾಗಿ ತಿಳಿದ ಅಂಕಿಗಳು), ಹಾಗಾಗಿ ಉತ್ತರವನ್ನು 9.82 ಎಂದು ಬರೆಯುವುದು ನಿಯಮ.

ನನ್ನ ಮಟ್ಟಿಗೆ ಆ ನಿಯಮಕ್ಕಿಂತ ಅದರ ಹಿಂದಿನ ಕಾರಣವೇ ಮುಖ್ಯ. ಗುರುತ್ವ ವೇಗೋತ್ಕರ್ಷದ ಸೂತ್ರದಲ್ಲಿ ಕಾಲದ ವರ್ಗ ಬರುವುದರಿಂದ ಕಾಲದ ಸಾಪೇಕ್ಷ ದೋಷ (ಅಳತೆಗೆ ಹೋಲಿಸಿದರೆ ದೋಷ ಎಷ್ಟು ಪಾಲು ಎಂಬುದು) ಉತ್ತರದಲ್ಲಿ ಇಮ್ಮಡಿಯಾಗುತ್ತದೆ: 0.1 ಸೆಕೆಂಡಿನ ದೋಷವೆಂದರೆ ಶೇಕಡಾ 0.25, ಉತ್ತರದಲ್ಲಿ ಅದು ಶೇಕಡಾ 0.5, ಅಂದರೆ ಸುಮಾರು 0.05. ಸ್ಟಾಪ್‌ವಾಚ್ ಒತ್ತುವ ಬೆರಳಿನ ವಿಳಂಬವನ್ನೂ ಸೇರಿಸಿ ದೋಷವನ್ನು 0.2 ಸೆಕೆಂಡ್ ಎಂದು ಹಿಡಿದರೆ, ದಶಮಾಂಶದ ಎರಡನೆಯ ಸ್ಥಾನವೂ ನಂಬಿಕೆಗೆ ಅರ್ಹವಾಗಿ ಉಳಿಯದೆ, ಪ್ರಾಮಾಣಿಕ ಉತ್ತರ 9.8 ± 0.1 ಆಗುತ್ತದೆ. (ನಡುವಿನ ಹಂತಗಳಲ್ಲಿ ಮಾತ್ರ ಒಂದೆರಡು ಅಂಕಿಗಳನ್ನು ಹೆಚ್ಚಾಗಿಯೇ ಉಳಿಸಿಕೊಳ್ಳಬೇಕು, ಹೆಚ್ಚಿನ ಅಂಕಿಗಳನ್ನು ಕೈಬಿಟ್ಟು ಸಂಖ್ಯೆಯನ್ನು ಸರಿಹೊಂದಿಸುವ ಪೂರ್ಣಾಂಕನ ಕೊನೆಯಲ್ಲಿ.) 20ರ ಬದಲು 100 ಆಂದೋಲನಗಳನ್ನು ಎಣಿಸಿದ್ದರೆ, ಅದೇ ಬೆರಳು, ಅದೇ ಗಡಿಯಾರದಿಂದ ಕಾಲದ ಸಾಪೇಕ್ಷ ದೋಷ ಐದನೆಯ ಒಂದು ಭಾಗಕ್ಕೆ ಇಳಿಯುತ್ತಿತ್ತು.